ಏಳೂವರೆ ಪರ್ಸೆಂಟಿನ ಶನಿ

ಡಿಸೆಂಬರ್ ತಿಂಗಳು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ. ಒಳಗೆ ಬಿಸಿ ಬಿಸಿ ಚರ್ಚೆ, ಹೊರಗೆ ಹಲ್ಲು ಕಟಕಟ ಅನ್ನುವ ಚಳಿ. ಬಂದೋಬಸ್ತಿಗೆ ರಾಜ್ಯದ ನಾಲ್ಕೂ ದಿಕ್ಕಿನಿಂದ ಪೊಲೀಸರನ್ನು ಕರೆಸಿದ್ದಾರೆ. ಊರಾಚೆಯ ಒಂದು ಕಲ್ಯಾಣ ಮಂಟಪದಲ್ಲಿ ಒಂದೇ ಜಮಖಾನದ ಮೇಲೆ ಮೂವರು ಪಿಸಿಗಳು, ಅಂದರೆ ಪೊಲೀಸ್ ಕಾನ್‌ಸ್ಟೆಬಲ್‌ಗಳು, ಮಲಗಿದ್ದಾರೆ. ವೇದಿಕೆಯ ಮೇಲೆ ಹೋದ ವಾರದ ಮದುವೆಯ ಥರ್ಮಾಕೋಲ್ ಅಕ್ಷರಗಳು ಇನ್ನೂ ಹಾಗೇ ಇವೆ. ಗಂಡಿನ ಹೆಸರು ಬಿದ್ದುಹೋಗಿದೆ, ‘ಚಿ. ಸೌ.’ ಮಾತ್ರ ಉಳಿದಿದೆ. ಅದರ ಕೊಂಬಿಗೆ ಯಾರೋ ಖಾಕಿ ಪ್ಯಾಂಟು ಒಣಗಲು ಹಾಕಿದ್ದಾರೆ.

ಮೂವರಲ್ಲಿ ಒಬ್ಬ ಬೆಂಗಳೂರಿನವನು, ಇನ್ನೊಬ್ಬ ಕಲಬುರಗಿಯವನು, ಮತ್ತೊಬ್ಬ ಮಣಿಪಾಲದವನು. ಒಂದೇ ಬ್ಯಾಚ್, ಒಂದೇ ಟ್ರೈನಿಂಗ್, ಒಟ್ಟಿಗೆ ಬೈಸಿಕೊಂಡವರು. ಮೂವರೂ ನನ್ನ ಕಲ್ಪನೆಯ ಪಿಸಿಗಳು. ಸಂಬಳದ ಲೆಕ್ಕ ಮಾತ್ರ ಸರ್ಕಾರದ್ದೇ.

ನಿದ್ದೆ ಬಾರದ ರಾತ್ರಿ ಗಂಡಸರು ಮಾಡುವ ಕೆಲಸವನ್ನೇ ಇವರೂ ಮಾಡಿದರು. ಮೊಬೈಲ್ ತೆಗೆದು ಪೇ ಸ್ಲಿಪ್ ಹೋಲಿಸಿಕೊಂಡರು.

ಮೂಲ ವೇತನ ಮೂವರಿಗೂ 37,500 ರೂಪಾಯಿ. 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಮೇಲೆ ಪಿಸಿಯ ವೇತನ ಶ್ರೇಣಿ ಶುರುವಾಗುವುದು ಅಲ್ಲಿಂದ. ತುಟ್ಟಿ ಭತ್ಯೆಯೂ ಒಂದೇ. ಅಲ್ಲಿಯ ತನಕ ಸಮಾಜವಾದ. ಕೆಳಗಿನ ಸಾಲಿಗೆ ಬಂದಾಗ ಜಮಖಾನ ಸೀಳಿಹೋಯಿತು. ಮನೆ ಬಾಡಿಗೆ ಭತ್ಯೆ: ಬೆಂಗಳೂರಿನವನಿಗೆ 7,500. ಕಲಬುರಗಿಯವನಿಗೆ 5,625. ಮಣಿಪಾಲದವನಿಗೆ 2,812 ರೂಪಾಯಿ ಎಂಟಾಣೆ.

‘ಎಂಟಾಣೆ ಎಂತಕ್ಕೆ ಮಾರಾಯ?’ ಅಂದ ಮಣಿಪಾಲದವನು.

‘ಇರ್ಲಿ, ಇಟ್ಕೋ,’ ಅಂದ ಕಲಬುರಗಿಯವನು. ‘ಏಳೂವರೆ ಪರ್ಸೆಂಟ್ ಅಂದ್ರ ಸಾಡೇಸಾತಿ ದೋಸ್ತ. ನಿನಗ ಶನಿ ಹಿಡಿದದ. ಶನಿವಾರ ಎಳ್ಳೆಣ್ಣಿ ದೀಪ ಹಚ್ಚು.’

ಲೆಕ್ಕ ಹೀಗಿದೆ. 25 ಲಕ್ಷಕ್ಕಿಂತ ಹೆಚ್ಚು ಜನ ಇರುವ ಊರು ‘ಎ’ ದರ್ಜೆ. ಅಲ್ಲಿ ಮೂಲ ವೇತನದ ಶೇಕಡ 20. ಅಂಥದ್ದು ನಮ್ಮಲ್ಲಿ ಬೆಂಗಳೂರು ಒಂದೇ. 5ರಿಂದ 25 ಲಕ್ಷದ ಒಳಗಿದ್ದರೆ ‘ಬಿ’ ದರ್ಜೆ, ಶೇಕಡ 15. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ಇದರಲ್ಲಿ ಬರುತ್ತವೆ. ಮಿಕ್ಕ ಇಡೀ ಕರ್ನಾಟಕ ‘ಸಿ’. ಶೇಕಡ ಏಳೂವರೆ. ಬೀದರ್‌ನ ಮೂಲೆಯ ಹಳ್ಳಿ ಠಾಣೆಯೂ ಸಿ, ಮಣಿಪಾಲವೂ ಸಿ.

ಮಣಿಪಾಲ ನೋಡಿದವರಿಗೆ ಇದರ ಮಜಾ ಗೊತ್ತಾಗುತ್ತದೆ. ದೇಶದ ಮೂಲೆ ಮೂಲೆಯಿಂದ ಬಂದು ಓದುವ ಮಕ್ಕಳು, ಅವರ ಅಪ್ಪಂದಿರ ಜೇಬು, ಅದಕ್ಕೆ ತಕ್ಕ ಬಾಡಿಗೆ. ಅಲ್ಲಿನ ಮನೆ ಮಾಲೀಕರ ಹತ್ತಿರ ಹೋಗಿ 2,812 ರೂಪಾಯಿ ಎಂಟಾಣೆ ತೋರಿಸಿ ನೋಡಿ. ‘ಓ, ಬೈಕ್ ನಿಲ್ಲಿಸ್ಲಿಕ್ಕೆ ಜಾಗ ಬೇಕಿತ್ತಾ?’ ಅಂತ ಕೇಳಿಯಾರು. ಬೇಕಂತ ಅವಮಾನ ಮಾಡುವವರಲ್ಲ ಅವರು, ನಿಜವಾಗಿಯೂ ಹಾಗೇ ಅಂದುಕೊಂಡಿರುತ್ತಾರೆ.

ಬೆಂಗಳೂರಿನವನು ಖುಷಿಯಾಗಿದ್ದಾನೆ ಅಂದುಕೊಳ್ಳಬೇಡಿ. ಅವನಿಗೆ 7,500 ಸಿಗುತ್ತದೆ, ಮನೆ ಸಿಗುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಒಂದು ಕಡೆ ಇರಲಿ. ‘ಟು ಲೆಟ್’ ಬೋರ್ಡ್ ನೋಡಿ ಗೇಟು ತಟ್ಟುತ್ತಾನೆ. ಮಾಲೀಕರು ಊರು, ಜಾತಿ, ನಾನ್ ವೆಜ್ಜಾ ಎಲ್ಲ ವಿಚಾರಿಸಿ ಕೊನೆಗೆ ಕೆಲಸ ಕೇಳುತ್ತಾರೆ. ಪೊಲೀಸ್ ಅಂದ ಕೂಡಲೇ ಅವರ ಅಣ್ಣನ ಮಗ ಮುಂದಿನ ವಾರವೇ ಆ ಮನೆಗೆ ಬರುವವನಿದ್ದದ್ದು ಅವರಿಗೆ ನೆನಪಾಗುತ್ತದೆ. ಪೊಲೀಸ್, ಲಾಯರ್, ಬ್ಯಾಚುಲರ್ ಈ ಮೂವರಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕಷ್ಟ. ನಮ್ಮ ಪಿಸಿ ಬ್ಯಾಚುಲರ್ ಕೂಡ. ಸಂಜೆ ಕಾಲೇಜಿನಲ್ಲಿ ಎಲ್‌ಎಲ್‌ಬಿ ಮಾಡುವ ಆಸೆ ಇತ್ತಂತೆ, ಅದನ್ನು ಕೈಬಿಟ್ಟಿದ್ದಾನೆ.

ಕ್ವಾರ್ಟರ್ಸ್ ಇಲ್ವಾ ಅಂತೀರಿ. ಇದೆ. ಸಿಕ್ಕಿತು ಅಂದರೆ ಬಾಡಿಗೆ ಭತ್ಯೆ ಕಟ್. ಗೋಡೆಯಲ್ಲಿ ನೀರು ಇಳಿದರೂ ಭತ್ಯೆ ಪೂರ್ತಿ ಕಟ್, ಇಳಿಯದಿದ್ದರೂ ಪೂರ್ತಿ ಕಟ್. ಬೆಂಗಳೂರಿನ ಕ್ವಾರ್ಟರ್ಸ್‌ಗೆ ತಿಂಗಳಿಗೆ 7,500 ಕೈಬಿಟ್ಟರೆ, ಸಣ್ಣ ಊರಿನ ಅಷ್ಟೇ ಅಗಲದ ಕ್ವಾರ್ಟರ್ಸ್‌ಗೆ 2,812. ಸರ್ಕಾರವೂ ಜಾಗ ನೋಡಿ ಬಾಡಿಗೆ ಹೇಳುವುದನ್ನು ಬೆಂಗಳೂರಿನ ಮಾಲೀಕರಿಂದ ಕಲಿತಿದೆ.

ಇನ್ನು ದಾವಣಗೆರೆಯ ಕತೆ ಕೇಳಿ. ‘ಬಿ’ ದರ್ಜೆಗೆ 5 ಲಕ್ಷ ಜನ ಬೇಕಲ್ಲ, 2011ರ ಜನಗಣತಿಯಲ್ಲಿ ದಾವಣಗೆರೆಗೆ ಸಿಕ್ಕಿದ್ದು ಸುಮಾರು 4 ಲಕ್ಷ 35 ಸಾವಿರ. ಪಾಸ್ ಆಗಲು 65 ಸಾವಿರ ತಲೆ ಕಮ್ಮಿ. ಬಳ್ಳಾರಿಗೆ 4 ಲಕ್ಷ 10 ಸಾವಿರ, ಅದೂ ಫೇಲು. 2021ರಲ್ಲಿ ಮರುಪರೀಕ್ಷೆ ಆಗಬೇಕಿತ್ತು, ಕೋವಿಡ್ ಬಂತು, ಪರೀಕ್ಷೆ ಮುಂದೆ ಹೋಯಿತು, ಹೋಗುತ್ತಲೇ ಇತ್ತು. ಈಗ 2027ರ ಮಾರ್ಚ್ 1 ಅಂತ ಲೆಕ್ಕದ ದಿನ ಗೊತ್ತು ಮಾಡಿದ್ದಾರೆ. ಈ ನಡುವೆ ದಾವಣಗೆರೆಯಲ್ಲಿ ಲೇಔಟುಗಳು ಬೆಳೆದವು, ಬಾಡಿಗೆ ಬೆಳೆಯಿತು, ಬೆಣ್ಣೆ ದೋಸೆಯ ರೇಟು ಬೆಳೆಯಿತು. ಪಿಸಿಯ ದಾವಣಗೆರೆ ಮಾತ್ರ 2011ರಲ್ಲೇ ನಿಂತಿದೆ. ಅಲ್ಲಿ ಇನ್ನೂ 4 ಲಕ್ಷ 35 ಸಾವಿರ ಜನರೇ ಇದ್ದಾರೆ. ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ, ಯಾರೂ ಬಾಡಿಗೆ ಏರಿಸಿಲ್ಲ.

ಹೀಗಾಗಿ ದಾವಣಗೆರೆ, ಬಳ್ಳಾರಿಯ ಪೊಲೀಸರಿಗೆ ಜನಸಂಖ್ಯೆ ಹೆಚ್ಚಳದ ಬಗ್ಗೆ ಇರುವಷ್ಟು ಕಾಳಜಿ ಬೇರೆ ಯಾರಿಗೂ ಇರಲಾರದು. ಒಂದು ತಲೆ ಹೆಚ್ಚಾದರೂ ಭತ್ಯೆಗೆ ಒಂದು ಹೆಜ್ಜೆ ಹತ್ತಿರ. ಆದರೆ ಸ್ವಂತ ಕೊಡುಗೆ ಕೊಡೋಣ ಅಂದರೆ ಮನೆಗೆ ಹೋಗಲು ರಜೆ ಸಿಗಬೇಕಲ್ಲ.

ರಜೆಯ ಮಾತು ಬಂತು. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಬೇಕು ಅಂತ ಕರೆ ಕೊಟ್ಟದ್ದು ನೆನಪಿರಬಹುದು. ಸಂಬಳ ಕಮ್ಮಿ, ವಾರದ ರಜೆ ಇಲ್ಲ, ಮೇಲಿನವರ ಕಿರುಕುಳ ಜಾಸ್ತಿ, ಇವೇ ದೂರುಗಳು. ಪೊಲೀಸರು ಅನುಮತಿ ಇಲ್ಲದೆ ಯೂನಿಯನ್ ಕಟ್ಟುವಂತಿಲ್ಲ ಅಂತ 1966ರ ಕೇಂದ್ರ ಕಾಯ್ದೆಯೇ ಇದೆ. ಆದ್ದರಿಂದ ಪಾಪ, ಮುಷ್ಕರ ಅನ್ನದೆ ರಜೆ ಅಂದರು. ಸರ್ಕಾರ ಎಸ್ಮಾ, ಅಂದರೆ ಅಗತ್ಯ ಸೇವೆಯವರ ಮುಷ್ಕರ ತಡೆಯುವ ಕಾಯ್ದೆ, ತಂದಿತು. ಕರೆ ಕೊಟ್ಟ ಸಂಘದ ಮುಖಂಡರ ಮೇಲೆ ರಾಜದ್ರೋಹದ ಕೇಸು ಬಿತ್ತು. ರಜೆಗೂ ರಾಜದ್ರೋಹಕ್ಕೂ ಇರುವ ಅಂತರ ಕನ್ನಡದಲ್ಲಿ ಒಂದೇ ಒಂದು ದೀರ್ಘ. ಕೇಸು ಬರೆದವರು ಆ ದೀರ್ಘ ಎಳೆದರು ಅಷ್ಟೇ. ಜೂನ್ 4 ಬಂತು, ಹೆಚ್ಚಿನವರು ಎಂದಿನಂತೆ ಡ್ಯೂಟಿಗೆ ಬಂದರು.

ಆಮೇಲೆ ಕಷ್ಟ ಪರಿಹಾರ ಭತ್ಯೆ ಅಂತ ಒಂದು ಬಂತು. ಹೆಸರು ನೋಡಿ. ದೊಡ್ಡ ಊರುಗಳಲ್ಲಿರುವ ನೌಕರರಿಗೆ ನಗರ ಪರಿಹಾರ ಭತ್ಯೆ ಅಂತಲೂ ಒಂದಿದೆ. ನೆರೆ ಪರಿಹಾರ, ಬರ ಪರಿಹಾರ ಇದ್ದ ಹಾಗೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಸಂಜೆ ನಿಂತವರು ಇದನ್ನು ವಿರೋಧಿಸಲಾರರು.

ಇಷ್ಟು ಹೊತ್ತಿಗೆ ಮಂಟಪದ ಕಂಬಕ್ಕೆ ಒರಗಿ ಕೂತಿದ್ದ ಎಚ್‌ಸಿ, ಅಂದರೆ ಹೆಡ್ ಕಾನ್‌ಸ್ಟೆಬಲ್, ಒಬ್ಬರು ಕೆಮ್ಮಿದರು. ಸರ್ವಿಸ್ ಜಾಸ್ತಿ ಆದವರು ಕೆಮ್ಮಿದರೆ ಇಲಾಖೆಯಲ್ಲಿ ಅದೂ ಒಂದು ಆರ್ಡರ್. ಮೂವರೂ ಎದ್ದು ಕೂತರು.

‘ನಿಮ್ದು ಊರೂರಿಗೆ ವ್ಯತ್ಯಾಸ ಕಣ್ರಪ್ಪ,’ ಅಂದರು ಎಚ್‌ಸಿ. ‘ನಮ್ದು ಒಂದೇ ಠಾಣೆಯಲ್ಲಿ, ಒಂದೇ ಬೆಂಚಲ್ಲಿ. ಔರಾದ್ಕರ್ ಗೊತ್ತಾ?’

ರಾಘವೇಂದ್ರ ಔರಾದ್ಕರ್ ಸಮಿತಿ. ಪೊಲೀಸರ ಸಂಬಳ ಸರಿಪಡಿಸಲು ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ನೇತೃತ್ವದಲ್ಲಿ ಮಾಡಿದ್ದು. 2016ರಲ್ಲಿ ವರದಿ ಬಂತು. ಸಮಿತಿಯ ವರದಿಗೂ ಊಟದೆಲೆಗೂ ಕಾದಷ್ಟು ರುಚಿ ಅಂತಲೋ ಏನೋ, 2019ರ ಆಗಸ್ಟ್‌ನಿಂದ ಜಾರಿಯಾಯಿತು. ಪಿಸಿಯ ಆರಂಭದ ಮೂಲ ವೇತನ 21,400 ಇದ್ದದ್ದು 23,500 ಆಯಿತು. ಹೊಸಬರು ಸಿಹಿ ಹಂಚಿದರು.

‘ಆಗ ನಾನೂ ಪಿಸಿ,’ ಅಂದರು ಎಚ್‌ಸಿ. ‘ವರ್ಷಕ್ಕೊಂದು ಇನ್‌ಕ್ರಿಮೆಂಟು ಅಂತ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆಸಿಕೊಂಡು ಮೇಲೆ ಬಂದಿದ್ದೆ. ಇವರು ಏನ್ ಮಾಡಿದ್ರು? ಕೆಳಗಿನ ನೆಲವನ್ನೇ ಎತ್ತಿ ನಾನು ನಿಂತಿದ್ದ ಮೆಟ್ಟಿಲ ಹತ್ರ ತಂದಿಟ್ರು. ನಿನ್ನೆ ಲಾಠಿ ಹಿಡಿಯೋದು ಕಲಿತ ಹುಡುಗ ಪಕ್ಕದಲ್ಲಿ ನಿಂತು, ಅಣ್ಣ ನಿಮ್ದೂ ಇಷ್ಟೇನಾ ಅಂದ. ಅವತ್ತು ಊಟ ಸೇರಲಿಲ್ಲ.’

ಹಳಬರಿಗೆ ಲಾಭ ಸಿಗಲಿಲ್ಲ ಅನ್ನುವ ದೂರು ಆಮೇಲೆ ಎಷ್ಟೋ ವರ್ಷ ಸುತ್ತಾಡಿತು. ಈ ಎಚ್‌ಸಿಗೆ ಬೇರೆ ಊರಿಗೆ ಹೋಗುವ ಆಸೆಯೂ ಇತ್ತಂತೆ. ಆದರೆ ಪಿಸಿಗಳು ಬೇರೆ ಜಿಲ್ಲೆಗೆ ಕೇಳಿಕೊಂಡು ಹೋದರೆ ಸೀನಿಯಾರಿಟಿ ಹೋಗುತ್ತದೆ. ಹೊಸ ಜಿಲ್ಲೆಯ ಪಟ್ಟಿಯಲ್ಲಿ ಕೊನೆಯ ಹೆಸರಾಗಿ ಸೇರಿಕೊಳ್ಳಬೇಕು. ಹತ್ತು ಹದಿನೈದು ವರ್ಷದ ಸರ್ವಿಸನ್ನು ಕೆಎಸ್‌ಆರ್‌ಟಿಸಿ ಬಸ್ಸಿನ ಲಗೇಜ್ ಕ್ಯಾರಿಯರ್ ಮೇಲೆ ಮರೆತು ಇಳಿದ ಹಾಗೆ.

ಓದುಗರು ಇಷ್ಟರಲ್ಲಿ ಗಿಂಬಳ ಅಂತ ಮನಸ್ಸಿನಲ್ಲೇ ಎರಡು ಸಲ ಅಂದಿರುತ್ತೀರಿ, ಗೊತ್ತು. ಅದಕ್ಕೂ ದರ್ಜೆ ಇದೆ ಅಂತ ಬಲ್ಲವರು ಹೇಳುತ್ತಾರೆ. ಆದರೆ ಅದಕ್ಕೆ ಜನಗಣತಿ ಬೇಕಿಲ್ಲವಂತೆ, ಹೆದ್ದಾರಿಯೋ ಮರಳೋ ಹತ್ತಿರ ಇದ್ದರೆ ಸಾಕಂತೆ. ನಾನು ನೋಡಿಲ್ಲ, ಬಿಡಿ. ನನ್ನ ಕುತೂಹಲ ಬೇರೆ. ಎಸ್‌ಐ, ಅಂದರೆ ಸಬ್ ಇನ್ಸ್‌ಪೆಕ್ಟರ್, ಮೂಲ ವೇತನ 61,300ರಿಂದ ಶುರು. ಠಾಣೆಯಲ್ಲಿ ಕೂತರೂ ಅಷ್ಟೇ, ಯಾವುದೋ ಟ್ರೈನಿಂಗ್ ಸ್ಕೂಲಿನಲ್ಲಿ ಕೂತರೂ ಅಷ್ಟೇ. ಟ್ರೈನಿಂಗ್ ಸ್ಕೂಲಿನಲ್ಲಿ ರಾತ್ರಿ ನಿದ್ದೆ ಬರುತ್ತದೆ, ಜನ ಬೈಯುವುದಿಲ್ಲ, ಟಿವಿಯವರು ಮೈಕ್ ಹಿಡಿಯುವುದಿಲ್ಲ. ಆದರೂ ‘ಎಕ್ಸಿಕ್ಯೂಟಿವ್ ಪೋಸ್ಟಿಂಗ್’, ಅಂದರೆ ಠಾಣೆಯ ಕುರ್ಚಿಯೇ, ಬೇಕು ಅಂತ ಶಾಸಕರ ಲೆಟರ್ ಹಿಡಿದು ಓಡಾಡುವ ಹಂಬಲ ಎಂಥದ್ದು! ಅಷ್ಟೇ ಸಂಬಳಕ್ಕೆ ಹೆಚ್ಚು ಕಷ್ಟಪಡುತ್ತೇವೆ ಅಂತ ಶಿಫಾರಸು ತರುವ ನೌಕರರು ಪ್ರಪಂಚದಲ್ಲಿ ಬೇರೆಲ್ಲಾದರೂ ಇದ್ದಾರಾ? ಸೇವಾ ಮನೋಭಾವ ಇನ್ನೂ ಸತ್ತಿಲ್ಲ ಅಂತ ನಾನು ನಂಬಿದ್ದೇನೆ.

ನಮ್ಮ ಮೂವರಿಗೆ ಅದರ ಗೊಡವೆ ಇಲ್ಲ. ಅವರ ಚರ್ಚೆ ಜಮಖಾನಕ್ಕೆ ವಾಪಸ್ ಬಂದಿತ್ತು.

‘ಮಗಾ, ಒಂದ್ ವಿಷ್ಯ,’ ಅಂದ ಬೆಂಗಳೂರಿನವನು. ‘ನನಗೆ ಮನೆ ಅಂತ ದುಡ್ಡು ಕೊಡ್ತಾರೆ ಬೆಂಗಳೂರಲ್ಲಿ. ಇರೋದು ಇಲ್ಲಿ. ಹಂಗಾದ್ರೆ ನಾನೀಗ ಮಲಗಿರೋ ಜಾಗ ಇಪ್ಪತ್ತು ಪರ್ಸೆಂಟಾ, ಹದಿನೈದಾ?’

‘ಬೆಳಗಾವಿ ಬಿ. ಹದಿನೈದು,’ ಅಂದ ಕಲಬುರಗಿಯವನು. ‘ನನ್ ನೆಲ ಇದು. ನೀ ಆ ಕಡೆ ಸರಿ.’

‘ಹಾಗಾದ್ರೆ ನಂದೆಲ್ಲಿ?’ ಅಂದ ಮಣಿಪಾಲದವನು. ಜಮಖಾನ ಮುಗಿದ ಮೇಲೆ ಸಿಮೆಂಟು ನೆಲ ಇತ್ತು. ಇಬ್ಬರೂ ಅದನ್ನು ತೋರಿಸಿದರು.

ಪೊಲೀಸನಿಗೆ ಊರಿಲ್ಲ ಅಂತ ಮೊದಲು ಹೇಳಿದವರು ಬ್ರಿಟಿಷರು. 1861ರ ಪೊಲೀಸ್ ಕಾಯ್ದೆಯ 22ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿ ಯಾವಾಗಲೂ ಡ್ಯೂಟಿಯಲ್ಲೇ ಇದ್ದಾನೆ ಅಂತ ತಿಳಿಯಬೇಕು, ಯಾವ ಹೊತ್ತಿಗಾದರೂ ತನ್ನ ವ್ಯಾಪ್ತಿಯ ಯಾವ ಮೂಲೆಗಾದರೂ ಕಳಿಸಬಹುದು. ನಮ್ಮ ರಾಜ್ಯ 1963ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು, ಆ ಅಭ್ಯಾಸ ಬಿಡಲಿಲ್ಲ. ದಸರಾ ಬಂದರೆ ಮೈಸೂರು, ಅಧಿವೇಶನಕ್ಕೆ ಬೆಳಗಾವಿ, ಚುನಾವಣೆಗೆ ಚೀಟಿ ಎತ್ತಿದ ಊರು. ಡ್ಯೂಟಿ ಹಾಕುವಾಗ ಇಡೀ ಕರ್ನಾಟಕವೇ ಅವನ ಮನೆ. ಬಾಡಿಗೆ ಕೊಡುವಾಗ ಮಾತ್ರ ‘ನಿನ್ನ ಊರಲ್ಲಿ ಎಷ್ಟು ಜನ ಇದ್ದಾರಪ್ಪ?’ ಅಂತ 2011ರ ಪುಸ್ತಕ ತೆಗೆಯುತ್ತಾರೆ.

ಹಾಗಂತ ಎಲ್ಲದರಲ್ಲೂ ಭೇದ ಮಾಡುತ್ತಾರೆ ಅನ್ನಲಾಗದು. 2025ರ ಅಕ್ಟೋಬರ್‌ನಲ್ಲಿ ಪಿಸಿ, ಎಚ್‌ಸಿಗಳ ಹಳೇ ಸ್ಲೋಚ್ ಹ್ಯಾಟ್ ತೆಗೆದು ನೀಲಿ ಪೀಕ್ ಕ್ಯಾಪ್ ಕೊಟ್ಟರು. ಆ ಟೋಪಿ ಎ ದರ್ಜೆಯ ಊರಲ್ಲೂ ಅದೇ, ಸಿ ದರ್ಜೆಯ ಊರಲ್ಲೂ ಅದೇ. ಟೋಪಿ ಹಾಕುವ ವಿಷಯದಲ್ಲಿ ಪೂರ್ತಿ ಸಮಾನತೆ.

ಬೆಳಗಿನ ಜಾವ ನಾಲ್ಕೂವರೆ. ಮಂಟಪದ ಎರಡೇ ಎರಡು ಬಚ್ಚಲಿನ ಮುಂದೆ ಇನ್ನೂರು ಜನರ ಸಾಲು. ಮಣಿಪಾಲದವನ ಫೋನು ಅಲುಗಿತು. ಮನೆ ಮಾಲೀಕರು. ಬೇಗ ಏಳುವ ಜನ.

‘ಎಂತ ಮಾರಾಯ್ರೆ, ಮನೆಗೆ ಬೀಗ ಹಾಕಿ ಹನ್ನೆರಡು ದಿನ ಆಯ್ತಲ್ಲ. ನೀವು ಇರುದಿಲ್ಲವಾ?’

‘ಇರ್ತೇನೆ ಅಣ್ಣ. ಬೆಳಗಾವಿ ಬಂದೋಬಸ್ತು. ಮುಗಿದ ಕೂಡಲೇ ಬರ್ತೇನೆ.’

‘ಅಲ್ಲ, ಹೋದ ತಿಂಗಳು ಎಲ್ಲೋ ಹೋಗಿದ್ರಿ. ಅದರ ಹಿಂದೆ ದಸರಾ ಅಂತ ಮೈಸೂರು. ನಿಮಗೆ ಮನೆ ಎಂತಕ್ಕೆ ಅಂತ. ಇಲ್ಲಿ ಇಬ್ಬರು ಸ್ಟೂಡೆಂಟ್ಸ್ ಕೇಳ್ತಾ ಇದ್ದಾರೆ, ನೀವು ಕೊಡುವುದರ ಡಬಲ್ ಕೊಡ್ತಾರಂತೆ...’

‘ಮನೆ ಬಿಡಿಸ್ಬೇಡಿ ಅಣ್ಣ. ಊರಿಗೆ ಬಂದು ಮಾತಾಡುವ.’

‘ಯಾವ ಊರಿಗೆ?’ ಅಂತ ಮಾಲೀಕರು ಕೇಳುವಷ್ಟರಲ್ಲಿ ಹೊರಗೆ ರೋಲ್ ಕಾಲ್‌ನ ಸೀಟಿ ಊದಿತು. ‘ಚಿ. ಸೌ.’ ಮೇಲಿದ್ದ ಪ್ಯಾಂಟು ಇನ್ನೂ ಒದ್ದೆಯಾಗಿತ್ತು. ಅದನ್ನೇ ಹಾಕಿಕೊಂಡು ಓಡಿದ.