ಸತ್ಯಾಂಶ: ದಿನಕ್ಕೆ 24 ಗಂಟೆ ಎಂದವರು ಯಾರು?

ದಿನವನ್ನು 24 ಗಂಟೆಗಳಾಗಿಯೂ ಗಂಟೆಯನ್ನು 60 ನಿಮಿಷಗಳಾಗಿಯೂ ಮೊದಲು ವಿಂಗಡಿಸಿದವರು ನಮ್ಮ ಋಷಿಗಳೇ ಎಂಬ ಸಂದೇಶ ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದು ಸರಿಯಲ್ಲ. ಹಗಲಿಗೆ 12, ಇರುಳಿಗೆ 12 ಎಂದು ಭಾಗ ಮಾಡಿದವರು ಪ್ರಾಚೀನ ಈಜಿಪ್ಟಿನವರು; 60ರ ಲೆಕ್ಕ ಬ್ಯಾಬಿಲೋನಿಯಾದಿಂದ ಗ್ರೀಕರ ಮೂಲಕ ಬಂದದ್ದು. ನಮ್ಮಲ್ಲಿದ್ದ ಕ್ರಮವೇ ಬೇರೆ, ಮತ್ತು ಅದು ಉತ್ಪ್ರೇಕ್ಷೆಯ ಹಂಗಿಲ್ಲದೆಯೇ ಹೆಮ್ಮೆಪಡಬಹುದಾದದ್ದು: ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ, ಅದು ನಿಧಾನವಾಗಿ ತುಂಬಿ ಮುಳುಗುವಷ್ಟು ಹೊತ್ತೇ ಒಂದು ಘಳಿಗೆ, ಅಂದರೆ ಇಂದಿನ 24 ನಿಮಿಷ. ಸಾಂಪ್ರದಾಯಿಕ ಪಂಚಾಂಗದಲ್ಲಿ ತಿಥಿಯ ಎದುರು 12 ಘಳಿಗೆ ಎಂದಿದ್ದರೆ, ಸೂರ್ಯೋದಯವಾದ ಮೇಲೆ 4 ಗಂಟೆ 48 ನಿಮಿಷದವರೆಗೆ ಆ ತಿಥಿ ಇರುತ್ತದೆ ಎಂದರ್ಥ.