ಆ ಹಾಳೆ ಬರೆದದ್ದು ಯಾರು?

ನಿನ್ನೆ ಕುಮಟಾ ತಾಲ್ಲೂಕಿನ ಒಂದೂರಿಗೆ ಮಕ್ಕಳ ಗ್ರಾಮಸಭೆ ನೋಡಲು ಹೋಗಿದ್ದೆ. ಹೊಟ್ಟೆಯೊಳಗಿನ ಸಂಕಟ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಮಾತಾಡಲು ಕರೆದರು. ಕೈಯಲ್ಲಿ ಮಡಚಿದ ಹಾಳೆ. 'ವೇದಿಕೆಯ ಮೇಲೆ ಆಸೀನರಾಗಿರುವ' ಎಂದು ಶುರುವಾದದ್ದು 'ಸ್ವಚ್ಛತೆ ಕಾಪಾಡೋಣ' ಎಂದು ಮುಗಿಯಿತು. ದೊಡ್ಡವರ ಅಕ್ಷರ, ದೊಡ್ಡವರ ಮಾತು. ಚಪ್ಪಾಳೆ ಬಿತ್ತು.

ಅವಳಿಗೆ ಹೇಳಲಿಕ್ಕಿದ್ದದ್ದು ಬೇರೆ. ರೆಕಾರ್ಡಿಂಗ್ ಕಲಿಸಲು ಮೂರು ಶನಿವಾರ ಆ ಊರಿಗೆ ಹೋದವಳು ನಾನು, ಅದಕ್ಕೇ ಗೊತ್ತು. ಇಳಿತದ ಹೊತ್ತಿಗೆ ಬಳಚು (ಚಿಪ್ಪಿಮೀನು) ಆರಿಸಲು ಅಘನಾಶಿನಿ ಹೊಳೆಗೆ ಇಳಿಯುವ ಅಜ್ಜಿಯ ಹಿಂದೆಯೇ ಇವಳೂ ಇಳಿದಿದ್ದಾಳೆ, ಅಮ್ಮನ ಫೋನು ಹಿಡಿದುಕೊಂಡು. ಗಾಳಿಯ ಸದ್ದು ಬಾರದಂತೆ ವೇಲನ್ನು ಅಡ್ಡ ಹಿಡಿದಿದ್ದಾಳೆ. 'ಅಜ್ಜೀ, ಮೊದ್ಲು ಎಷ್ಟು ಸಿಗ್ತಿತ್ತು?' ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕಾದಿದ್ದಾಳೆ. ಹಾಗೆ ಕಾಯುವುದನ್ನು ಕಲಿಯಲು ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದ ನನಗೆ ವರ್ಷಗಳೇ ಬೇಕಾದವು! ಸಂಜೆ ಬಸ್ಸು ಬಾರದ ದಿನಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. 11 ದಿನ, ತಾರೀಖು ಸಮೇತ.

ಇದನ್ನು ಸಭೆಯಲ್ಲಿ ಕೇಳಿಸೋಣ ಎಂದೆ. ಟೈಮಿಲ್ಲ ಎಂದರು. ಅದೇ ಸಭೆಯಲ್ಲಿ ಶಾಲು ಹೊದೆಸಲು ಅರ್ಧ ಗಂಟೆ ಹೋಗಿತ್ತು.

ನಮ್ಮದು ತಾಳಮದ್ದಲೆಯ ಸೀಮೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಭಾಗವತರ ಪದ್ಯ ಎಲ್ಲರಿಗೂ ಒಂದೇ, ಅರ್ಥ ಮಾತ್ರ ಹೇಳುವವನದೇ. ಶಿರಸಿ ಕಡೆ ಯಾವ ಕೂಟಕ್ಕೇ ಹೋಗಿ, ಅರ್ಥಧಾರಿ ಜೇಬಿನಿಂದ ಯಾರೋ ಬರೆದುಕೊಟ್ಟ ಚೀಟಿ ತೆಗೆದು ಓದಿದರೆ ಒಂದು ಕ್ಷಣ ಕೂರುತ್ತೀರಾ? ಮಾತು ಅಲ್ಲಲ್ಲೇ ಹುಟ್ಟಬೇಕು ಎಂದು ಇಷ್ಟು ಚೆನ್ನಾಗಿ ಬಲ್ಲ ನಾವೇ ಮಕ್ಕಳ ಕೈಗೆ ಹಾಳೆ ತುರುಕುತ್ತೇವೆ.

'ಮಕ್ಕಳು ಏನಾದ್ರೂ ಹೇಳಿಬಿಟ್ಟರೆ? ಈಗಿನ ವಾಟ್ಸಾಪ್ ಕಾಲದಲ್ಲಿ ಸುಳ್ಳು ಹರಡಿದರೆ?' ಎಂದು ಹಿರಿಯರೊಬ್ಬರು ಕೇಳಿದರು. ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಕೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುವುದು, ತಾರೀಖು ಬರೆದಿಡುವುದು, ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳುವುದು, ಇದನ್ನೆಲ್ಲ ಮಾಡಿಯೇ ಕಲಿಯಬೇಕು. ಬಾಯಿ ಮುಚ್ಚಿಸಿದರೆ ಕಲಿಯುವುದೆಂದು? ಆ 11 ದಿನದ ಲೆಕ್ಕ ಅಲ್ಲಿದ್ದ ದೊಡ್ಡವರಲ್ಲಿ ಒಬ್ಬರ ಹತ್ತಿರವೂ ಇರಲಿಲ್ಲ.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ. ಮಾತು, ಬರಹ, ಕಲೆ, ಇಲ್ಲವೇ ತಾನು ಆರಿಸಿಕೊಂಡ ಬೇರೆ ಯಾವುದೇ ಮಾಧ್ಯಮದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎನ್ನುತ್ತದೆ ಅದರ 13ನೇ ವಿಧಿ. 'ತಾನು ಆರಿಸಿಕೊಂಡ' ಎಂಬಲ್ಲಿ ನಾನು ಪ್ರತಿಸಲ ನಿಲ್ಲುತ್ತೇನೆ. ಯಾಕೆಂದು ಇವತ್ತು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಕಾರವಾರದಲ್ಲಿ ಮೀನುಗಾರರ ಮನೆಯ ಹುಡುಗನೊಬ್ಬ ಅಪ್ಪನ ದೋಣಿಯ ಬಗ್ಗೆ ಕೊಂಕಣಿ ಬೆರೆಸಿ ಚಂದ ಮಾತಾಡಿದ್ದ. 'ತಮಾ, ಶುದ್ಧ ಕನ್ನಡದಲ್ಲಿ ಇನ್ನೊಮ್ಮೆ ಹೇಳು' ಎಂದೆ. ಹೇಳಿದ. ಮಾತು ಶುದ್ಧವಾಯಿತು, ದೋಣಿ ಮಾಯವಾಯಿತು. ಮರುವಾರ ಅವನು ಬರಲೇ ಇಲ್ಲ. ನಾನೂ ಅವತ್ತು ಕೊಟ್ಟದ್ದು ಹಾಳೆಯನ್ನೇ. ನಿನ್ನೆ ಆ ಹುಡುಗಿ ತಲೆತಗ್ಗಿಸಿ ಓದುವಾಗ ಅವನ ಮುಖವೇ ಕಣ್ಣಮುಂದೆ ಬಂತು.

ಸಭೆ ಮುಗಿದ ಮೇಲೆ ಹೊಳೆದಂಡೆಯಲ್ಲಿ ಕೂತು ಅವಳ ರೆಕಾರ್ಡಿಂಗ್ ಪೂರ್ತಿ ಕೇಳಿದೆ. 'ಅಕ್ಕಾ, ಇದ್ನ ಯಾರಿಗೆ ಕೇಳಿಸೂದು?' ಎಂದಳು.

ಬರುವ ಭಾನುವಾರ ಸಂಜೆ ಅವರ ಕೇರಿಯಲ್ಲೇ ಸ್ಪೀಕರ್ ಇಡುತ್ತೇವೆ. ಆರೂವರೆ ನಿಮಿಷದ್ದು, ಒಂದು ಮಾತೂ ಕತ್ತರಿಸಿಲ್ಲ. ಪಂಚಾಯ್ತಿಯವರನ್ನು ಅವಳೇ ಹೋಗಿ ಕರೆದಿದ್ದಾಳೆ.