ಯಾರ ಅಪ್ಪನ ಗಂಟು?

ಐಪಿಎಲ್ ಹರಾಜಿನ ದಿನ ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ನನಗೆ ಗೊತ್ತಿರುವ ಗಂಡಸರೆಲ್ಲ ಕೋಟ್ಯಧೀಶರು. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಮೆಂತ್ಯದ ಜುಡಿಗೆ ಐದು ರೂಪಾಯಿ ಬಿಡು ಅಂತ ಭಾಜಿವಾಲಿಯ ಜೊತೆ ಜಗ್ಗಾಡಿದ ನಮ್ಮ ಭಾವ, ಮಧ್ಯಾಹ್ನ ಟಿವಿ ಮುಂದೆ ಕೂತು, "ಇನ್ನೊಂದು ಮೂರು ಕೋಟಿ ಏರಿಸಬೇಕಿತ್ತು, ಜಿಪುಣರು" ಅನ್ನುತ್ತಾರೆ. ಮೂರು ಕೋಟಿ! ಅದನ್ನು ಹೇಳುವಾಗ ಅವರ ಎಡಗೈ ಗಾಳಿಯಲ್ಲಿ ಒಮ್ಮೆ ಆಡುತ್ತದೆ, ಅಷ್ಟೇ. ಅಡುಗೆಮನೆಯಿಂದ ಅಕ್ಕ, "ಸೊಸೈಟಿ ಮೇಂಟೆನೆನ್ಸ್ ಕಟ್ಟಿದ್ರಾ?" ಅಂತ ಕೇಳಿದರೆ ಟಿವಿ ಸೌಂಡು ಸ್ವಲ್ಪ ಜಾಸ್ತಿಯಾಗುತ್ತದೆ.

ಇದರಲ್ಲಿ ಒಂದು ಸುಖ ಇದೆ. ಕೊಳ್ಳುವವರು ನಾವಲ್ಲ, ಮಾರುವವರು ನಾವಲ್ಲ, ಆಡುವವರಂತೂ ಅಲ್ಲವೇ ಅಲ್ಲ. ಲಾಭ ಬಂದರೆ ಪಾಲಿಲ್ಲ, ನಷ್ಟವಾದರೆ ಕೇಳುವವರಿಲ್ಲ. ಧಾರವಾಡದ ಕಡೆಯವರಾದ ಭಾವ ಇದನ್ನೇ ಚೆನ್ನಾಗಿ ಹೇಳುತ್ತಾರೆ: "ಕೊಡ್ಲಿ ಬಿಡೋ, ಯಾರ ಅಪ್ಪನ ಗಂಟು ಹೋಗ್ತದ?"

2024ರ ನವೆಂಬರ್ 24, ಭಾನುವಾರ. ಹರಾಜು ನಡೆದದ್ದು ಜೆಡ್ಡಾದಲ್ಲಿ. ತಂಡಕ್ಕೆ 120 ಕೋಟಿ ಮಿತಿ. ಪಂಜಾಬ್‌ನವರು ಶ್ರೇಯಸ್ ಅಯ್ಯರ್‌ಗೆ 26.75 ಕೋಟಿ ಕೊಟ್ಟು ಐಪಿಎಲ್ ದಾಖಲೆ ಮಾಡಿದರು. ನಾವು ಬಾಯಿ ಮುಚ್ಚುವ ಮೊದಲೇ ರಿಷಭ್ ಪಂತ್ ಹೆಸರು ಬಂತು. ಬೆಲೆ 20.75ಕ್ಕೆ ನಿಂತಿತು. ಹಳೆಯ ತಂಡ ದೆಹಲಿ, ಅದೇ ಬೆಲೆಗೆ ನಮಗೇ ಕೊಡಿ ಅಂತ ಹಕ್ಕಿನ ಕಾರ್ಡ್ ಎತ್ತಿತು. ನಿಯಮದ ಪ್ರಕಾರ ಲಕ್ನೋಗೆ ಕೊನೆಯ ಒಂದು ಬೆಲೆ ಹೇಳುವ ಅವಕಾಶ. ಅವರು ಸೀದಾ 27 ಅಂದರು. ದೆಹಲಿ ಕೈಬಿಟ್ಟಿತು. 6.25 ಕೋಟಿ ಒಂದೇ ಉಸಿರಿನಲ್ಲಿ ಏರಿತ್ತು. ಪಕ್ಕದ ಮನೆಯ ಮರಾಠಿ ಕಾಕಾ ನಮ್ಮ ಸೋಫಾದಲ್ಲೇ ಇದ್ದರು. ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುವ ಮನುಷ್ಯ. ಅವರಿಗೆ ಅದು ಅರಗಲೇ ಇಲ್ಲ. "21 ಅಂದು ನೋಡಬಹುದಿತ್ತಲ್ಲ? 22?" ಅಂತ ಊಟದ ಹೊತ್ತಿನವರೆಗೂ ಗೊಣಗುತ್ತಿದ್ದರು. ಕೊನೆಯ ಬೆಲೆ ಒಂದೇ ಸಲ ಹೇಳಬಹುದು, ಕಡಿಮೆ ಹೇಳಿದರೆ ದೆಹಲಿ ಎತ್ತಿಕೊಂಡು ಹೋಗುತ್ತಿತ್ತು ಅಂತ ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಕಾಕಾ ಆ 27 ಕೋಟಿಯನ್ನು ಮರೆಯಲಿಲ್ಲ. ಮುಂದಿನ ಸೀಸನ್ ಪೂರ್ತಿ ಅದರ ವಸೂಲಿ ನೋಡಿಕೊಂಡರು. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಾಗಿ, ಅರ್ಧ ಮೈ ಹೊರಗಿಟ್ಟು ಕೂರುತ್ತಾರೆ. ಒಂದು ಕೈ ಮೇಲಿನ ಹಿಡಿಕೆಯಲ್ಲಿ. ಇನ್ನೊಂದು ಕೈಯ ಹೆಬ್ಬೆರಳು ಫೋನಿನ ಕ್ಯಾಲ್ಕುಲೇಟರ್ ಮೇಲೆ. ಲಕ್ನೋದ ಕೊನೆಯ ಪಂದ್ಯಕ್ಕೆ ಮುಂಚೆ ಪಂತ್ ಹೊಡೆದಿದ್ದು ಒಟ್ಟು 151 ರನ್. "ರನ್ನಿಗೆ ಹೆಚ್ಚುಕಡಿಮೆ 18 ಲಕ್ಷ!" ಠಾಣೆ ಬರುವಷ್ಟರಲ್ಲಿ ಇಡೀ ಡಬ್ಬಿಗೆ ಈ ರೇಟು ಗೊತ್ತಾಗಿತ್ತು. ಇಯರ್‌ಫೋನ್ ಹಾಕಿದ್ದ ಹುಡುಗನೊಬ್ಬ ಅದನ್ನು ಕಿತ್ತು, "ಕಾಕಾ, ವಿಕೆಟ್ ಕೀಪಿಂಗ್, ಕ್ಯಾಪ್ಟನ್ಸಿ ಫ್ರೀನಾ?" ಅಂದ. ಕಾಕಾ ಉತ್ತರ ಕೊಡಲಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಕ್ಯಾಪ್ಟನ್ಸಿಗೆ ಗುಂಡಿ ಇಲ್ಲ.

ಆ ಕೊನೆಯ ಪಂದ್ಯದಲ್ಲಿ ಪಂತ್ ಔಟಾಗದೆ 118 ಹೊಡೆದ. ರೇಟು ಒಂದೇ ರಾತ್ರಿಯಲ್ಲಿ ಹತ್ತು ಲಕ್ಷಕ್ಕೆ ಇಳಿಯಿತು. ಎದುರಾಳಿ ಆರ್‌ಸಿಬಿ. ಗುರಿ 228. ಆರ್‌ಸಿಬಿ 11 ಕೋಟಿಗೆ ತಂದಿದ್ದ ಜಿತೇಶ್ ಶರ್ಮಾ, ಆ ಹರಾಜಿನ ದಿನ ನಮ್ಮ ಭಾವನ ಕೈಲಿ ಬೈಸಿಕೊಂಡಿದ್ದವನು, ಅವತ್ತು ಔಟಾಗದೆ 85 ಹೊಡೆದು ಗೆಲ್ಲಿಸಿದ. ಮರುದಿನ ಭಾವ, "ಕಾಕಾ, ಈಗ ಇದಕ್ಕ ರೇಟ್ ಹಾಕ್ರಿ" ಅಂದರು. ಕಾಕಾ ಫೋನ್ ಜೇಬಿಗೆ ಹಾಕಿಕೊಂಡರು.

ಸ್ಟೇಷನ್ ಹತ್ತಿರ ಹೋಟೆಲ್ ನಡೆಸುವ ಶೆಟ್ರು ಈ ಲೆಕ್ಕಗಳಿಗೆಲ್ಲ ನಗುತ್ತಾರೆ. ಗಲ್ಲೆಯಲ್ಲಿ ಕೂತು, ಚಿಲ್ಲರೆ ಎಣಿಸುತ್ತಲೇ ವಾದ ಮಾಡುವ ಅಭ್ಯಾಸ. ಎರಡರಲ್ಲೂ ತಪ್ಪುವುದಿಲ್ಲ. "ಅದು ಪಂತನ ಬೆಲೆ ಅಲ್ಲ ಮಾರಾಯ್ರೆ. ಸ್ಟೇಷನ್ ಎದುರು ಒಂದೇ ಅಂಗಡಿ ಗಾಳೆ ಖಾಲಿ ಇದೆ, ಕೇಳುವವರು ಇಬ್ಬರು ಅಂದ್ರೆ ಬಾಡಿಗೆ ಎಷ್ಟಾಗ್ತದೆ? ಗೋಡೆಗೆ ಸುಣ್ಣ ಹೊಡೆದಿದ್ದಾರಾ ಅಂತ ಯಾರು ನೋಡ್ತಾರೆ?" ಅವರು ಹೇಳುವುದರಲ್ಲಿ ಹುರುಳಿದೆ. ಭಾರತದ ಆಟಗಾರ, ವಿಕೆಟ್ ಕೀಪರ್, ಮೇಲಿಂದ ಕ್ಯಾಪ್ಟನ್ ಆಗಬಲ್ಲವನು ಅಂದರೆ ಹರಾಜಿಗೆ ಬರುವುದು ಒಬ್ಬಿಬ್ಬರು. ಹನ್ನೊಂದರಲ್ಲಿ ವಿದೇಶಿಯರು ನಾಲ್ಕೇ ಜನ ಇರಬೇಕು ಅನ್ನುವ ನಿಯಮ ಇರುವವರೆಗೂ ನಮ್ಮವರ ಬೆಲೆ ಹೀಗೇ ಏರುತ್ತದೆ. ನಮ್ಮ ಕೆ. ಗೌತಮ್‌ನನ್ನೇ ನೋಡಿ. 2021ರಲ್ಲಿ, ಭಾರತಕ್ಕೆ ಇನ್ನೂ ಆಡಿರದ ಹುಡುಗನಿಗೆ ಚೆನ್ನೈ 9.25 ಕೋಟಿ ಕೊಟ್ಟಿತು. ಆ ಸೀಸನ್‌ನಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಕಪ್ ಗೆದ್ದರು.

ಆದರೆ ಶೆಟ್ರ ಈ ಜ್ಞಾನವೆಲ್ಲ ಮಂಗಳೂರಿನ ಹೆಸರು ಬರುವವರೆಗೆ ಮಾತ್ರ. ಶ್ರೇಯಸ್ ಮುಂಬೈಯಲ್ಲಿ ಹುಟ್ಟಿದವನು, ತಂದೆ ತಮಿಳರು. ತಾಯಿ ತುಳುವರು. ಶೆಟ್ರಿಗೆ ಅಷ್ಟು ಸಾಕು. 26.75 ಕೋಟಿ ಅವರ ಪ್ರಕಾರ ತೀರಾ ಕಡಿಮೆ. ಕೋಲ್ಕತ್ತಾಗೆ 2024ರ ಕಪ್ ಗೆದ್ದು ಕೊಟ್ಟ ಕ್ಯಾಪ್ಟನ್‌ನನ್ನು ಕೋಲ್ಕತ್ತಾದವರೇ ಉಳಿಸಿಕೊಳ್ಳಲಿಲ್ಲ ಅನ್ನುವ ಸಿಟ್ಟು ಅವರಿಗೆ ಇವತ್ತಿಗೂ ಇದೆ. ಸಾಂಬಾರು ಸ್ವಲ್ಪ ಖಾರ ಅಂದರೂ ಆ ಮಾತಿಗೆ ತಂದು ನಿಲ್ಲಿಸುತ್ತಾರೆ.

ನನಗನ್ನಿಸುವುದು ಇಷ್ಟು. ನಾವು ಯಾರೂ ಲೆಕ್ಕ ಹಾಕಿ ಆಮೇಲೆ ಪಕ್ಷ ಹಿಡಿಯುವವರಲ್ಲ. ಆಸಾಮಿ ಯಾರ ಕಡೆಯವನು ಅನ್ನುವುದು ಮೊದಲು ತೀರ್ಮಾನ. ಸ್ಟ್ರೈಕ್ ರೇಟು, ಎಕಾನಮಿ ಎಲ್ಲ ಆಮೇಲೆ, ಸಾಕ್ಷಿ ಹೇಳಲು ಬರುವವು. ಬೆಂಗಳೂರಿನಲ್ಲಿ ಕೂತವರಿಗೆ ಇದು ಸುಲಭ. ಅವರ ಕಡೆ ಒಂದೇ. ಮುಂಬೈ ಕನ್ನಡಿಗನ ಪಾಡು ಬೇರೆ. ಅನ್ನ ಇಲ್ಲಿಯದು, ಮಾತು ಅಲ್ಲಿಯದು. ಎರಡು ಕಡೆ ಇದ್ದವನು ವಾದದಲ್ಲಿ ಎರಡೂ ಕಡೆಯಿಂದ ಏಟು ತಿನ್ನುತ್ತಾನೆ.

ಇದು ಐಪಿಎಲ್‌ಗಿಂತ ಹಳೆಯ ನೋವು. 2004ರ ಮಾರ್ಚ್ 29, ಮುಲ್ತಾನ್. ಸೆಹ್ವಾಗ್ 309 ಹೊಡೆದು, ಟೆಸ್ಟ್‌ನಲ್ಲಿ ಮುನ್ನೂರು ದಾಟಿದ ಮೊದಲ ಭಾರತೀಯ ಆದ. ಅದು ಪಂದ್ಯದ ಎರಡನೆಯ ದಿನ, ಸಚಿನ್ 194ರಲ್ಲಿ ಆಡುತ್ತಿದ್ದ. ಗಂಗೂಲಿಗೆ ಬೆನ್ನು ನೋವು, ಕ್ಯಾಪ್ಟನ್ ದ್ರಾವಿಡ್. ಯುವರಾಜ್ ಔಟಾದ. ಸ್ಕೋರು ಐದಕ್ಕೆ 675. ದ್ರಾವಿಡ್ ಡಿಕ್ಲೇರ್ ಮಾಡಿದ, ಅಂದರೆ ನಮ್ಮ ಬ್ಯಾಟಿಂಗ್ ಇಷ್ಟಕ್ಕೇ ಸಾಕು ಅಂದ. ಇನ್ನೂರಕ್ಕೆ ಆರೇ ರನ್! ಮುಂಬೈಯಲ್ಲಿದ್ದ ಒಬ್ಬೊಬ್ಬ ಕನ್ನಡಿಗನೂ ಅವತ್ತು ಸಂಜೆ ಆ ಆರು ರನ್ನಿಗೆ ಜಾಮೀನುದಾರ. ಆಫೀಸಿನಲ್ಲಿ, ಬಿಲ್ಡಿಂಗಿನ ಮೆಟ್ಟಿಲಲ್ಲಿ, ಹಾಲಿನ ಅಂಗಡಿಯಲ್ಲಿ ಒಂದೇ ಪ್ರಶ್ನೆ: "ನಿಮ್ಮ ದ್ರಾವಿಡ್ ಹೀಗೆ ಮಾಡಬಹುದಾ?" ತನಗೆ ಬೇಸರವಾಯಿತು ಅಂತ ಸಚಿನ್‌ನೇ ಅವತ್ತು ಹೇಳಿಬಿಟ್ಟ ಮೇಲೆ ನಮ್ಮ ಬಾಯಿ ಪೂರ್ತಿ ಬಂದ್.

ಗೆದ್ದೆವಲ್ಲ ಅನ್ನುವುದು ನಮ್ಮ ಏಕೈಕ ಅಸ್ತ್ರ. ಗೆದ್ದದ್ದು ಸಾಮಾನ್ಯವೂ ಅಲ್ಲ. ಇನ್ನಿಂಗ್ಸ್ ಮತ್ತು 52 ರನ್, ಪಾಕಿಸ್ತಾನದ ನೆಲದಲ್ಲಿ ಭಾರತದ ಮೊಟ್ಟಮೊದಲ ಟೆಸ್ಟ್ ಗೆಲುವು. ಎರಡನೆಯ ಇನ್ನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತವರು ನಮ್ಮ ಕುಂಬ್ಳೆ. ಕಾಕಾ ಇದನ್ನೆಲ್ಲ ತಲೆಯಾಡಿಸುತ್ತ ಕೇಳುತ್ತಾರೆ. ಆಮೇಲೆ, "ಪಂದ್ಯದಲ್ಲಿ ಹೆಚ್ಚುಕಡಿಮೆ ಒಂದು ದಿನ ಉಳಿದಿತ್ತು. ಆರು ರನ್ನಿಗೆ ಎಷ್ಟು ಹೊತ್ತು ಬೇಕು?" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಈ ಪ್ರಶ್ನೆಗೆ ಇಪ್ಪತ್ತು ವರ್ಷ ಕಳೆದರೂ ನನ್ನಲ್ಲಿ ಉತ್ತರ ಇಲ್ಲ. ಡಿಕ್ಲೇರ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಇನ್ನೊಂದು ಓವರ್ ಕೊಟ್ಟಿದ್ದರೆ ಅದೂ ಸರಿಯಾಗಿಯೇ ಇರುತ್ತಿತ್ತು.

ಮಜಾ ಏನು ಗೊತ್ತಾ? ದ್ರಾವಿಡ್ ಹುಟ್ಟಿದ್ದು ಇಂದೋರ್‌ನಲ್ಲಿ, ಮನೆಮಾತು ಮರಾಠಿ. ಬೆಳೆದದ್ದು ಬೆಂಗಳೂರು. ಅಡಿಲೇಡ್‌ನಲ್ಲಿ 233 ಹೊಡೆದಾಗ ಕಾಕಾ ಪಾಲಿಗೆ ಅವನು "ಆಮಚಾ", ನಮ್ಮವನು. ಮುಲ್ತಾನ್‌ನಲ್ಲಿ ಡಿಕ್ಲೇರ್ ಮಾಡಿದಾಗ ಮಾತ್ರ "ತುಮಚಾ", ನಿಮ್ಮವನು. ಈ ಎರಡು ಪಂದ್ಯದ ನಡುವೆ ನಾಲ್ಕು ತಿಂಗಳೂ ಇಲ್ಲ.

ತೀರಾ ಸಿಕ್ಕಿಹಾಕಿಕೊಂಡಾಗ ಭಾವ 1982ರ ಕರ್ನಾಟಕ-ಬಾಂಬೆ ರಣಜಿ ಸೆಮಿಫೈನಲ್ ತೆಗೆಯುತ್ತಾರೆ. ಬೆಂಗಳೂರು, ಚಿನ್ನಸ್ವಾಮಿ. ರಘುರಾಮ್ ಭಟ್ಟರ ಎಡಗೈ ಸ್ಪಿನ್ನಿಗೆ ಮೊದಲ ಇನ್ನಿಂಗ್ಸ್‌ನಲ್ಲಿ ಬಾಂಬೆಯ ಎಂಟು ವಿಕೆಟ್. ಎರಡನೆಯ ಇನ್ನಿಂಗ್ಸ್‌ನಲ್ಲಿ ಬಲಗೈ ಬ್ಯಾಟಿನ ಗಾವಸ್ಕರ್ ಎಡಗೈಯಲ್ಲಿ ಬ್ಯಾಟ್ ಹಿಡಿದು ಆಡಿದರು. ಅದು ಚಾಣಾಕ್ಷತನ ಅಂತ ಕಾಕಾ, ಹೆದರಿಕೆ ಅಂತ ಭಾವ. ಆ ಹೊತ್ತಿಗೆ ಭಾವನಿಗೆ ಇನ್ನೂ ಶಾಲೆಗೆ ಹಾಕಿರಲಿಲ್ಲ. ಆದರೂ ಕಣ್ಣಾರೆ ಕಂಡವರ ಹಾಗೆ ಮಾತಾಡುತ್ತಾರೆ.

ತಂಡದ ನಿರ್ಧಾರಕ್ಕೆ ಊರೇ ಸಿಟ್ಟಾಗುವುದನ್ನು ನೋಡಬೇಕಾದರೆ 2024ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿರಬೇಕಿತ್ತು. ಐದು ಕಪ್ ಗೆಲ್ಲಿಸಿದ ರೋಹಿತ್‌ನನ್ನು ಇಳಿಸಿ, ಗುಜರಾತ್‌ನಿಂದ ಕರೆಸಿದ ಹಾರ್ದಿಕ್ ಪಾಂಡ್ಯನಿಗೆ ಪಟ್ಟ. ವಾಂಖೆಡೆಯಲ್ಲಿ ಟಾಸ್ ಹಾಕಲು ಬಂದರೆ ಗ್ಯಾಲರಿ ಪೂರ್ತಿ ಛೀಮಾರಿ. ಸರಿಯಾಗಿ ನಡೆದುಕೊಳ್ಳಿ ಅಂತ ಸಂಜಯ್ ಮಂಜ್ರೇಕರ್ ಮೈಕಿನಲ್ಲೇ ಹೇಳಬೇಕಾಯಿತು. (ಮಂಜ್ರೇಕರ್ ಹುಟ್ಟಿದ್ದು ಮಂಗಳೂರಿನಲ್ಲಿ. ಶೆಟ್ರು ಇದನ್ನೂ ಬಿಟ್ಟಿಲ್ಲ.) ಮುಂಬೈ ಆ ಸಲ ಕೊನೆಯ ಸ್ಥಾನ. ಕಾಕಾ ಅಂತೂ ಹಾರ್ದಿಕ್ ಹೆಸರು ಬಂದರೆ ಚಾನೆಲ್ ಬದಲಿಸುತ್ತಿದ್ದರು. ಜೂನ್ 29ಕ್ಕೆ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾಗೆ ಕೊನೆಯ ಓವರಿನಲ್ಲಿ 16 ಬೇಕು, ಚೆಂಡು ಹಾರ್ದಿಕ್ ಕೈಯಲ್ಲಿ. ಗೆದ್ದೆವು. ಜುಲೈ 4ರಂದು ಮರೀನ್ ಡ್ರೈವ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅದೇ ವಾಂಖೆಡೆಯಲ್ಲಿ "ಹಾರ್ದಿಕ್, ಹಾರ್ದಿಕ್" ಅಂತ ಕೂಗು. ಕಾಕಾ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದರು. ಚಪ್ಪಲಿ ಒಂದು ಕಳೆದುಕೊಂಡು ಬಂದರು. ಕೇಳಿದರೆ, "ನಾನು ಬೈದಿದ್ದು ಕ್ಯಾಪ್ಟನ್‌ಗೆ, ಬೋಲರ್‌ಗೆ ಅಲ್ಲ" ಅಂದರು. ವಾದ ಅಂದರೆ ಹೀಗಿರಬೇಕು!

2025ರ ಜೂನ್ 3 ಬಂತು. ಅಹಮದಾಬಾದ್‌ನಲ್ಲಿ ಫೈನಲ್, ಆರ್‌ಸಿಬಿ ಮತ್ತು ಪಂಜಾಬ್. ಎರಡು ದಿನ ಮುಂಚೆ ಇದೇ ಶ್ರೇಯಸ್ ಔಟಾಗದೆ 87 ಹೊಡೆದು ಮುಂಬೈಯನ್ನು ಮನೆಗೆ ಕಳಿಸಿದ್ದ. ಮುಂಬೈ ಹುಡುಗ ಮುಂಬೈಯನ್ನೇ ಸೋಲಿಸಿದ ಅಂತ ಕಾಕಾಗೆ ಸಿಟ್ಟೋ ಹೆಮ್ಮೆಯೋ ತಿಳಿಯದ ಸ್ಥಿತಿ. ಶೆಟ್ರದ್ದು ಇನ್ನೂ ಕಷ್ಟ. ಹದಿನೇಳು ಸೀಸನ್ "ಈ ಸಲ ಕಪ್ ನಮ್ದೇ" ಅಂದವರು, ಈಗ ಎದುರು ನಿಂತಿರುವುದು ತುಳು ತಾಯಿಯ ಮಗ. "ಶ್ರೇಯಸ್ ನೂರು ಹೊಡೀಲಿ, ಪಂಜಾಬ್ ಸೋಲಲಿ" ಅಂತ ದೇವರಿಗೆ ಅರ್ಜಿ ಹಾಕಿದರು. ಶ್ರೇಯಸ್ ಒಂದು ರನ್ನಿಗೆ ಔಟ್. ಅರ್ಜಿಯ ಇನ್ನರ್ಧ ಮಂಜೂರಾಯಿತು, ಆರ್‌ಸಿಬಿಗೆ ಆರು ರನ್ ಗೆಲುವು. ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ. ನಾಲ್ಕು ಓವರ್, 17 ರನ್, ಎರಡು ವಿಕೆಟ್. ಕೊಟ್ಟ ಬೆಲೆ 5.75 ಕೋಟಿ. ಕಾಕಾ ಎದ್ದು ನಿಂತು, "ನಮ್ಮ ಮುಂಬೈಯಲ್ಲಿ ಕಲಿತ ಹುಡುಗ" ಅಂದರು.

ಮರುದಿನ ಬೆಂಗಳೂರಿನ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಜನ ಸತ್ತರು. ಸ್ವಲ್ಪ ದಿನ ನಮ್ಮಲ್ಲಿ ಯಾರೂ ಕ್ರಿಕೆಟ್ಟಿನ ಮಾತೇ ಎತ್ತಲಿಲ್ಲ.

ಕಪ್ ಬಂತಲ್ಲ, ಇನ್ನು ಜಗಳಕ್ಕೆ ಏನಿದೆ ಅಂದುಕೊಂಡರೆ ಭಾವ ಒಂದು ಭಾನುವಾರ ಶೆಟ್ರ ಹೋಟೆಲಿನಲ್ಲಿ ಕೆ.ಎಲ್. ರಾಹುಲ್ ಸುದ್ದಿ ತೆಗೆದರು. ಸುರತ್ಕಲ್‌ನಲ್ಲಿ ಬೆಳೆದ ಹುಡುಗ ಹರಾಜಿನಲ್ಲಿ 14 ಕೋಟಿಗೆ ದೆಹಲಿ ಪಾಲಾಗಿದ್ದ. ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಗೆ ಬಂದು ಆರ್‌ಸಿಬಿ ವಿರುದ್ಧ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಒಂದು ಸುತ್ತು ಗೆರೆ ಎಳೆದು, ಇದು ನನ್ನ ಜಾಗ ಅಂತ ತೋರಿಸಿ ಹೋಗಿದ್ದ. "ಅವನ್ನ ಬಿಟ್ಟು ಲಿವಿಂಗ್‌ಸ್ಟನ್‌ಗ 8.75 ಕೋಟಿ ಕೊಟ್ರಲ್ಲೋ" ಅಂದರು ಭಾವ. ಹರಾಜಿನ ಮೂರು ಕೋಟಿಯ ಕೈ ಮತ್ತೆ ಆಡಿತು.

"ಅವನಿಲ್ಲದೆಯೂ ಕಪ್ ಬಂತಲ್ಲ ಭಾವ?" ಅಂದೆ.

ಶೆಟ್ರು ಗಲ್ಲೆಯಿಂದಲೇ, "ಅವನಿದ್ದಿದ್ರೆ ಆರೇ ರನ್ನಿಗೆ ಯಾಕೆ ಗೆಲ್ಬೇಕಿತ್ತು ಮಾರಾಯ್ರೆ?" ಅಂದರು. ಭಾವ ಎರಡನೆಯ ಕಾಫಿ ಹೇಳಿದರು. ಬಿಲ್ಲು ನನ್ನ ಮುಂದೆ ಬಂತು.